ಅಣ್ಣನ ಸಾವಿಗೆ ತಮ್ಮ ಪರಿಹಾರ ಕೇಳಬಹುದೇ? – ಅಪಘಾತ ಕಾನೂನು ನಡೆದು ಬಂದ ದಾರಿ



ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಸ್ಟುಡಿಯೋದ ಫೋನಿಗೆ ಹತ್ತು ನಿಮಿಷ ಬಿಡುವಿರುವುದಿಲ್ಲ. ಹೆಚ್ಚಿನವು ಹಾಡಿನ ಕೋರಿಕೆಗಳು, ಇಲ್ಲವೇ ಹುಟ್ಟುಹಬ್ಬದ ಶುಭಾಶಯಗಳು. ಒಂದು ಸಂಜೆ ಡೊಂಬಿವಲಿಯಿಂದ ಬಂದ ಕರೆ ಮಾತ್ರ ಬೇರೆಯದಾಗಿತ್ತು. "ಅಣ್ಣ ಹೋಯಿ ನಾಲ್ಕ್ ತಿಂಗ್ಳಾಯ್ತ್ ಮೇಡಂ" ಎಂದು ಆ ದನಿ ಆರಂಭವಾಯಿತು. ಕುಂದಾಪುರ ಕಡೆಯ ಕನ್ನಡ. ಅಣ್ಣ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ತಮ್ಮನನ್ನು ಓದಿಸಿದವನು. ಅಪ್ಪ ಅಮ್ಮ ಇಲ್ಲ. ಅಣ್ಣ ಮದುವೆಯಾಗಿರಲಿಲ್ಲ. ಊರಿಗೆ ಹೋಗಿದ್ದಾಗ ಹೆದ್ದಾರಿ ದಾಟುತ್ತಿದ್ದವನಿಗೆ ಲಾರಿ ಬಡಿಯಿತು. ಲಾರಿ ಸಿಕ್ಕಿದೆ, ಅದಕ್ಕೆ ಇನ್ಶೂರೆನ್ಸ್ ಕೂಡ ಇದೆಯಂತೆ. ಆದರೆ ಯಾರೋ ಹೇಳಿದರಂತೆ: "ಹೆಂಡತಿ ಮಕ್ಕಳಿದ್ದರೆ ಪರಿಹಾರ ಸಿಗುತ್ತದೆ, ತಮ್ಮನಿಗೆಲ್ಲ ಯಾರು ಕೊಡುತ್ತಾರೆ? ಅಲ್ಲದೆ ಕೇಸು ಊರಿನಲ್ಲೇ ಹಾಕಬೇಕು, ಪ್ರತಿ ತಾರೀಖಿಗೂ ಹೋಗಿ ಬರಬೇಕು."

"ಕೇಂಬುಕೆ ನಂಗೆ ಹಕ್ಕ್ ಇತ್ತಾ ಮೇಡಂ?" ಎಂದರು ಅವರು.

ನಾನು ವಕೀಲಳಲ್ಲ. ಕನ್ನಡದಲ್ಲಿ ಬಿ.ಎ. ಮಾಡಿ ಮೈಕಿನ ಮುಂದೆ ಬಂದು ಕುಳಿತವಳು. ಅವರಿಗೆ ಒಬ್ಬ ವಕೀಲರ ನಂಬರು ಕೊಟ್ಟು ಫೋನಿಟ್ಟೆ. ಆದರೆ ಆ ಪ್ರಶ್ನೆ ಮನೆಗೆ ಬಂದರೂ ಬಿಡಲಿಲ್ಲ. ಸತ್ತವನ ಪರವಾಗಿ ಕೇಳುವ ಹಕ್ಕು ಯಾರಿಗಿದೆ? ಎಲ್ಲಿ ಕೇಳಬೇಕು? ಎಷ್ಟು ದಿನದೊಳಗೆ ಕೇಳಬೇಕು? ಹುಡುಕುತ್ತಾ ಹೋದರೆ ಈ ಮೂರು ಪ್ರಶ್ನೆಗಳ ಹಿಂದೆ ಇನ್ನೂರು ವರ್ಷಗಳ ಕಥೆಯೇ ಇದೆ. ಈ ಸಲದ ಪುಟದಲ್ಲಿ ಆ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಊರು ಬಿಟ್ಟು ಬಂದು ವರ್ಷಕ್ಕೆರಡು ಬಾರಿ ಹೆದ್ದಾರಿ ಹಿಡಿದು ಊರಿಗೆ ಹೋಗುವ ನಮ್ಮಂಥವರಿಗೆ ಇದು ಬೇರೆಯವರ ಕಥೆಯಲ್ಲ.

ಸತ್ತರೆ ಪರಿಹಾರವಿಲ್ಲ

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ, ಕುದುರೆ ಗಾಡಿಗಳ ಕಾಲದಲ್ಲಿ. ಬಾಡಿಗೆ ಕೋಚು ಗಾಡಿಯೊಂದು ಮಗುಚಿ ಬಿತ್ತು. ಅದರ ಮೇಲೆ ಕುಳಿತಿದ್ದ ದಂಪತಿಗಳಲ್ಲಿ ಗಂಡನಿಗೆ ಪೆಟ್ಟಾಯಿತು. ಹೆಂಡತಿ ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಗಂಡ ನ್ಯಾಯಾಲಯಕ್ಕೆ ಹೋದ. 1808ರಲ್ಲಿ ನ್ಯಾಯಾಧೀಶ ಲಾರ್ಡ್ ಎಲೆನ್‌ಬರೊ ಹೇಳಿದ್ದರ ಸಾರಾಂಶ ಇಷ್ಟು: ಅವನ ಮೈಮೇಲಿನ ಗಾಯಕ್ಕೆ ಪರಿಹಾರ ಉಂಟು, ಹೆಂಡತಿ ಬದುಕಿದ್ದ ಆ ದಿನಗಳಲ್ಲಿ ಅವಳ ಸಹವಾಸ ತಪ್ಪಿದ್ದಕ್ಕೂ ಉಂಟು. ಆದರೆ ಅವಳು ಸತ್ತ ಕ್ಷಣದಿಂದ ಮುಂದಕ್ಕೆ ಏನೂ ಇಲ್ಲ. ಮನುಷ್ಯನ ಸಾವು ಸಿವಿಲ್ ನ್ಯಾಯಾಲಯದಲ್ಲಿ ದೂರು ಹೇಳಿಕೊಳ್ಳುವಂಥ ನಷ್ಟವೇ ಅಲ್ಲ!

ಅಂದರೆ, ಗಾಡಿ ಹೊಡೆದು ಕಾಲು ಮುರಿದರೆ ಮಾಲೀಕ ದುಡ್ಡು ಕೊಡಬೇಕು, ಸತ್ತೇ ಹೋದರೆ ಮನೆಯವರಿಗೆ ಬಿಡಿಗಾಸೂ ಕೊಡಬೇಕಾಗಿಲ್ಲ. ಗಾಯಕ್ಕಿಂತ ಸಾವೇ ಅಗ್ಗ.

ಅದೇ ಕಾಲದಲ್ಲಿ ಅಲ್ಲಿ ಇನ್ನೊಂದು ವಿಚಿತ್ರ ಪದ್ಧತಿಯೂ ಇತ್ತು. ಸಾವಿಗೆ ಕಾರಣವಾದ ವಸ್ತುವೇ ತಪ್ಪಿತಸ್ಥ ಎಂದು ಭಾವಿಸಿ ಆ ಗಾಡಿಯನ್ನೋ ಕುದುರೆಯನ್ನೋ ಅಥವಾ ಅದರ ಬೆಲೆಯನ್ನೋ ರಾಜನ ಬೊಕ್ಕಸಕ್ಕೆ ಒಪ್ಪಿಸಬೇಕಿತ್ತು. ರೈಲು ಬಂದ ಮೇಲೆ ಎಂಜಿನ್ನಿಗೂ ಇದು ಅನ್ವಯಿಸಿತು. ರೈಲ್ವೆ ಕಂಪನಿಗಳು ಬೆಚ್ಚಿದವು. ಕೊನೆಗೆ 1846ರಲ್ಲಿ ಆ ಹಳೆಯ ಪದ್ಧತಿಯನ್ನು ರದ್ದುಮಾಡಿ, ಅದೇ ವರ್ಷ ಲಾರ್ಡ್ ಕ್ಯಾಂಬೆಲ್ ಎಂಬವರ ಪ್ರಯತ್ನದಿಂದ ಹೊಸ ಕಾನೂನು ತಂದರು. ಇನ್ನೊಬ್ಬರ ತಪ್ಪಿನಿಂದ ಸತ್ತವನ ಮನೆಯವರು ಪರಿಹಾರ ಕೇಳಬಹುದು ಎಂದು ಅದು ಮೊದಲ ಬಾರಿಗೆ ಹೇಳಿತು.

ಒಂಬತ್ತು ವರ್ಷದಲ್ಲಿ ಆ ಕಾನೂನು ಹಡಗು ಹತ್ತಿ ಭಾರತಕ್ಕೂ ಬಂತು. 1853ರಲ್ಲಿ ನಮ್ಮ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತ್ತು. ಎರಡು ವರ್ಷದ ನಂತರ, 1855ರಲ್ಲಿ, ಮಾರಕ ಅಪಘಾತಗಳ ಕಾಯ್ದೆ ಜಾರಿಗೆ ಬಂತು. ಪರಿಹಾರ ಪಡೆಯಬಹುದಾದವರ ಪಟ್ಟಿ ಅದರಲ್ಲಿತ್ತು: ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು. ಅಷ್ಟೇ. ಅಣ್ಣತಮ್ಮ, ಅಕ್ಕತಂಗಿ ಆ ಪಟ್ಟಿಯಲ್ಲಿ ಇರಲಿಲ್ಲ. ಇಂಗ್ಲೆಂಡಿನ ಮನೆಯ ಅಳತೆಗೆ ಹೊಲಿದ ಅಂಗಿಯನ್ನು ನಮ್ಮ ಕೂಡುಕುಟುಂಬಕ್ಕೆ ತೊಡಿಸಿದ್ದರು.

ಗೆದ್ದರೂ ಕೊಡುವವರು ಯಾರು?

ಮೋಟಾರು ಬಂದ ಮೇಲೆ ಇನ್ನೊಂದು ತೊಡಕು ಎದ್ದಿತು. ರೈಲ್ವೆ ಕಂಪನಿಗಾದರೆ ದುಡ್ಡಿತ್ತು. ಆದರೆ ಒಂದೇ ಲಾರಿ ಇಟ್ಟುಕೊಂಡವನ ಮೇಲೆ ಡಿಕ್ರಿ ಆದರೆ ವಸೂಲಿ ಮಾಡುವುದು ಎಲ್ಲಿಂದ? 1914ರ ಮೋಟಾರು ವಾಹನ ಕಾಯ್ದೆ ಲೈಸೆನ್ಸು, ರಿಜಿಸ್ಟ್ರೇಷನ್ನು ಇಂಥವಕ್ಕೆ ಸೀಮಿತವಾಗಿತ್ತು. ಇಂಗ್ಲೆಂಡಿನಲ್ಲಿ 1930ರಲ್ಲಿ ವಾಹನಕ್ಕೆ ವಿಮೆ ಕಡ್ಡಾಯವಾಯಿತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕಾಗಿ ಒಂದು ಅಧ್ಯಾಯವನ್ನೇ ಬರೆದರು. ಆದರೆ ಆ ಅಧ್ಯಾಯ ಜಾರಿಗೆ ಬಂದದ್ದು ಏಳು ವರ್ಷ ತಡವಾಗಿ, 1946ರ ಜುಲೈ 1ರಂದು.

ನಾವೆಲ್ಲ ಬಾಯಿಪಾಠ ಹೇಳುವ 'ಥರ್ಡ್ ಪಾರ್ಟಿ' ಎಂಬ ಮಾತು ಅಲ್ಲಿಂದ ಬಳಕೆಗೆ ಬಂತು. ಮೊದಲನೆಯವರು ವಾಹನದ ಮಾಲೀಕರು. ಎರಡನೆಯವರು ವಿಮೆ ಕಂಪನಿ. ಒಪ್ಪಂದ ಆಗುವುದು ಈ ಇಬ್ಬರ ನಡುವೆ. ಆದರೆ ಫಲ ಸಿಗಬೇಕಾದ್ದು ಮೂರನೆಯವರಿಗೆ, ಅಂದರೆ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ, ಆ ಇಬ್ಬರ ಮುಖವನ್ನೂ ಕಂಡಿರದ ನಿಮಗೆ ಅಥವಾ ನನಗೆ. ಸ್ಕೂಟರಿಗೆ ಕಟ್ಟುವ ಥರ್ಡ್ ಪಾರ್ಟಿ ಹಣವನ್ನು 'ಪೊಲೀಸರ ಕಾಟಕ್ಕೆ ಕಟ್ಟುವ ದುಡ್ಡು' ಎನ್ನುವವರಿದ್ದಾರೆ. ಅದು ನಿಜವಾಗಿ ಯಾರದೋ ಮನೆಯ ಅನ್ನದ ಏರ್ಪಾಡು.

ವಿಮೆ ಬಂದರೂ ನ್ಯಾಯ ಆಮೆಯ ಹೆಜ್ಜೆಯಲ್ಲೇ ಇತ್ತು. ಒಂದು ಉದಾಹರಣೆ ನೋಡಿ. 1947ರ ಸೆಪ್ಟೆಂಬರಿನಲ್ಲಿ ಆಗಿನ ಮದ್ರಾಸ್ ಪ್ರಾಂತದ ಧಾರಾಪುರಂ–ಪಳನಿ ಮಾರ್ಗದ ಬಸ್ಸೊಂದು ಅಪಘಾತಕ್ಕೀಡಾಗಿ ಪ್ರಯಾಣಿಕರೊಬ್ಬರು ಸತ್ತರು. ಮನೆಯವರು 1855ರ ಕಾಯ್ದೆಯಡಿ ದಾವೆ ಹೂಡಿದರು. ಕೆಳಗಿನ ಕೋರ್ಟು, ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1961ರಲ್ಲಿ. ಸ್ವಾತಂತ್ರ್ಯ ಬಂದ ತಿಂಗಳಿನ ಆಸುಪಾಸು ಆದ ಅಪಘಾತಕ್ಕೆ ಹದಿಮೂರು ವರ್ಷ ದಾಟಿದ ಮೇಲೆ ಕೊನೆಯ ಮಾತು.

ಇಂಥ ವಿಳಂಬಕ್ಕೆ ಮದ್ದಾಗಿ ಬಂದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ವಕೀಲರ ಬಾಯಲ್ಲಿ ಎಂ.ಎ.ಸಿ.ಟಿ. 1956ರ ತಿದ್ದುಪಡಿಯಿಂದ ಹುಟ್ಟಿದ ಈ ವ್ಯವಸ್ಥೆ 1957ರಲ್ಲಿ ಜಾರಿಗೆ ಬಂತು. ಸಿವಿಲ್ ದಾವೆಯ ಉದ್ದುದ್ದ ನಡಾವಳಿ ಬೇಡ, ಒಂದು ಅರ್ಜಿ ಸಾಕು. ಸಂಕ್ಷಿಪ್ತ ವಿಚಾರಣೆ ನಡೆಸಿ ಪರಿಹಾರ ನಿಗದಿಮಾಡಿ ಎಂಬುದು ಇದರ ಆಶಯ. ಜಿಲ್ಲೆಗಳಲ್ಲಿ ನ್ಯಾಯಾಧೀಶರೇ ಈ ಮಂಡಳಿಯಾಗಿ ಕೂರುತ್ತಾರೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ಕೆಲಸ ಮಾಡುತ್ತದೆ.

ಆಮೇಲೆ 1973ರ ಜನವರಿ 1ರಂದು ಸಾಮಾನ್ಯ ವಿಮೆಯ ರಾಷ್ಟ್ರೀಕರಣವಾಗಿ 107 ಕಂಪನಿಗಳು ನಾಲ್ಕು ಸರ್ಕಾರಿ ಕಂಪನಿಗಳಾದವು. ಮುಂಬಯಿ, ದೆಹಲಿ, ಚೆನ್ನೈ, ಕೋಲ್ಕತ್ತ ಒಂದೊಂದಕ್ಕೆ ಕೇಂದ್ರ. ಈ ವಿಳಾಸಗಳು ಮುಂದೆ ನಮ್ಮ ಕಥೆಯಲ್ಲಿ ಕೆಲಸಕ್ಕೆ ಬರುತ್ತವೆ, ನೆನಪಿಟ್ಟುಕೊಳ್ಳಿ.

ತಪ್ಪು ಯಾರದು ಎಂಬ ಗೋಡೆ

ಪರಿಹಾರ ಬೇಕೆಂದರೆ ಚಾಲಕನ ತಪ್ಪನ್ನು ಸಾಬೀತು ಮಾಡಬೇಕು. ಇದು ಹಳೆಯ ನಿಯಮ. ಸುಪ್ರೀಂ ಕೋರ್ಟು 1977ರಲ್ಲೂ ಇದನ್ನೇ ಎತ್ತಿಹಿಡಿಯಿತು. ಆದರೆ ನಡುರಾತ್ರಿ ಹೆದ್ದಾರಿಯಲ್ಲಿ ಆದದ್ದಕ್ಕೆ ಸಾಕ್ಷಿ ಯಾರು? ನೋಡಿದವನಿಗೆ ಠಾಣೆಯ ಭಯ. ಸತ್ತವನು ಬಂದು ಹೇಳುವಂತಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಂಥವರು ತಮ್ಮ ತೀರ್ಪುಗಳಲ್ಲಿ, ತಪ್ಪಿನ ಪ್ರಶ್ನೆ ಎತ್ತದೆ ಪರಿಹಾರ ಕೊಡುವ ಕಾನೂನು ಬೇಕೆಂದು ಮತ್ತೆ ಮತ್ತೆ ಒತ್ತಾಯಿಸಿದರು.

1982ರ ತಿದ್ದುಪಡಿ ಆ ಗೋಡೆಯಲ್ಲಿ ಒಂದು ಕಿಂಡಿ ಕೊರೆಯಿತು. ಯಾರ ತಪ್ಪೇ ಇರಲಿ, ಸತ್ತರೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ. ಹೊಡೆದು ಓಡಿಹೋದ ವಾಹನ ಸಿಗದೇ ಇದ್ದರೆ ಒಂದು ನಿಧಿಯಿಂದ 5,000 ರೂಪಾಯಿ. 1988ರ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ಮೊದಲನೆಯ ಮೊತ್ತ 25,000 ಆಯಿತು, 1994ರಲ್ಲಿ 50,000 ಆಯಿತು. ಇನ್ನೂ ಮುಖ್ಯವಾದ ಮಾತೆಂದರೆ, ಮೂರನೆಯವರ ಸಾವುನೋವಿಗೆ ವಿಮೆ ಕಂಪನಿ ಇಷ್ಟರ ಮೇಲೆ ಕೊಡಬೇಕಾಗಿಲ್ಲ ಎಂದು ಹಳೆಯ ಕಾಯ್ದೆಯಲ್ಲಿದ್ದ ಮಿತಿಯನ್ನು 1988ರ ಕಾಯ್ದೆ ತೆಗೆದುಹಾಕಿತು.

2019ರ ತಿದ್ದುಪಡಿಯ ಪ್ರಕಾರ, 2022ರ ಏಪ್ರಿಲ್ 1ರಿಂದ, ತಪ್ಪು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಓಡಿಹೋದ ವಾಹನದ ಪ್ರಕರಣಗಳಲ್ಲಿ ಈ ಮೊತ್ತ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಆದರೆ ಒಂದು ಎಚ್ಚರಿಕೆ. ವಿಮೆ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಈ 5 ಲಕ್ಷವನ್ನು ತೆಗೆದುಕೊಂಡರೆ, ನಷ್ಟಕ್ಕೆ ತಕ್ಕ ಪೂರ್ಣ ಪರಿಹಾರ ಕೋರಿ ನ್ಯಾಯಮಂಡಳಿಯಲ್ಲಿ ಹಾಕಿದ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ದುಃಖದ ದಿನಗಳಲ್ಲಿ ಯಾರಾದರೂ ಕಾಗದ ತಂದು "ಇಲ್ಲಿ ಸಹಿ ಹಾಕಿ" ಎಂದರೆ, ಓದದೆ ಹಾಕಬೇಡಿ.

ತಮ್ಮನಿಗೆ ಸಿಕ್ಕ ಉತ್ತರ

ಈಗ ಡೊಂಬಿವಲಿಯ ಕೇಳುಗರ ಮೊದಲ ಪ್ರಶ್ನೆಗೆ ಬರೋಣ.

ನ್ಯಾಯಮಂಡಳಿಗೆ ಸಂಬಂಧಿಸಿದ ಕಾನೂನು, ಸತ್ತವರ 'ಕಾನೂನುಬದ್ಧ ಪ್ರತಿನಿಧಿಗಳು' ಅರ್ಜಿ ಹಾಕಬಹುದು ಎಂದಷ್ಟೇ ಹೇಳಿತ್ತು. ಅವರು ಯಾರು? 1855ರ ಪಟ್ಟಿಯಲ್ಲಿರುವವರು ಮಾತ್ರವೇ, ಅಥವಾ ಬೇರೆಯವರೂ ಉಂಟೇ? ಹೈಕೋರ್ಟುಗಳಲ್ಲಿ ಒಮ್ಮತವಿರಲಿಲ್ಲ. ಗುಜರಾತಿನಲ್ಲಿ ರಾಜ್ಯ ಸಾರಿಗೆ ನಿಗಮದ ವಾಹನ ಬಡಿದು ಸತ್ತವನ ಸಹೋದರ ಪರಿಹಾರ ಕೇಳಿದ. ನಿಗಮದ ವಾದ ಒಂದೇ: ಸಹೋದರ ಆ ಪಟ್ಟಿಯಲ್ಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1987ರಲ್ಲಿ ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯ ಪಾಂಡವಪುರ ಸೀಮೆಯವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು. ಮುಂದೆ 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಗಳೂ ಆದರು.

ಆ ತೀರ್ಪಿನ ತಿರುಳು ನಮಗೆಲ್ಲ ಅರ್ಥವಾಗುವಂಥದ್ದೇ. ಭಾರತದ ಮನೆಗಳಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಕೆಲವೊಮ್ಮೆ ಸಾಕುಮಕ್ಕಳೂ ಒಟ್ಟಿಗೆ ಬಾಳುತ್ತಾರೆ, ದುಡಿಯುವ ಒಬ್ಬನನ್ನು ನೆಚ್ಚಿಕೊಂಡಿರುತ್ತಾರೆ. ಆ ದುಡಿಯುವವನು ಅಪಘಾತದಲ್ಲಿ ಹೋದರೆ, 1855ರ ಕಾನೂನನ್ನು ತೋರಿಸಿ ಇವರಿಗೆ ಪರಿಹಾರವಿಲ್ಲ ಎನ್ನುವುದು ನ್ಯಾಯವಲ್ಲ. ಸಹೋದರನೂ ಕಾನೂನುಬದ್ಧ ಪ್ರತಿನಿಧಿಯೇ. ಕೂಡುಕುಟುಂಬವನ್ನು ಬಲ್ಲವರೊಬ್ಬರು ಇಂಗ್ಲೆಂಡಿನ ಅಳತೆಯ ಆ ಅಂಗಿಯ ಹೊಲಿಗೆ ಬಿಚ್ಚಿದರು ಎಂದು ನನಗನ್ನಿಸುತ್ತದೆ.

ಆ ಬಾಗಿಲು ಮುಂದೆ ಇನ್ನಷ್ಟು ಅಗಲವಾಯಿತು. 2007ರಲ್ಲಿ, ತಂದೆಯನ್ನು ಅವಲಂಬಿಸಿರದ ಮದುವೆಯಾದ ಮಗಳೂ ಕಾನೂನುಬದ್ಧ ಪ್ರತಿನಿಧಿಯಾಗಿ ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. 2014ರಲ್ಲಿ ಇನ್ನೊಂದು ಪ್ರಕರಣ. ಮನೆ ಬಿಟ್ಟು ಕ್ರೈಸ್ತ ಧಾರ್ಮಿಕ ಸಂಘವನ್ನು ಸೇರಿ, ಸಂಬಳವನ್ನೆಲ್ಲ ಅದಕ್ಕೇ ಒಪ್ಪಿಸುತ್ತಿದ್ದ ಶಿಕ್ಷಕ ಬ್ರದರ್ ಒಬ್ಬರು ಅಪಘಾತದಲ್ಲಿ ತೀರಿಕೊಂಡಾಗ, ಆ ಸಂಘವೇ ಪರಿಹಾರ ಪಡೆಯಬಹುದು ಎಂದಿತು ನ್ಯಾಯಾಲಯ.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಅರ್ಜಿ ಹಾಕುವ ಹಕ್ಕು ಬೇರೆ, ಸಿಗುವ ಮೊತ್ತ ಬೇರೆ. ಅಣ್ಣನ ದುಡಿಮೆಯ ಮೇಲೆ ತಮ್ಮ ಎಷ್ಟು ಅವಲಂಬಿಸಿದ್ದ ಎಂಬುದನ್ನು ತೋರಿಸಬೇಕು. ಅಣ್ಣ ಕಳಿಸುತ್ತಿದ್ದ ಮನಿಯಾರ್ಡರ್ ರಸೀದಿ, ಬ್ಯಾಂಕ್ ಪಾಸ್‌ಬುಕ್, ಇಬ್ಬರ ಹೆಸರೂ ಇರುವ ರೇಷನ್ ಕಾರ್ಡು, ಕಾಲೇಜಿನ ಫೀ ಕಟ್ಟಿದ ಚೀಟಿ, ಇವೆಲ್ಲ ಆಗ ಮಾತಾಡುತ್ತವೆ.

ಲೆಕ್ಕ ಹಾಕುವುದು ಹೇಗೆ?

ಜೀವಕ್ಕೆ ಬೆಲೆ ಕಟ್ಟಲು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ. ಕಾನೂನು ಲೆಕ್ಕ ಹಾಕುವುದು ಜೀವಕ್ಕಲ್ಲ, ನಿಂತುಹೋದ ದುಡಿಮೆಗೆ. ಮೊದಮೊದಲು ಒಂದೊಂದು ನ್ಯಾಯಮಂಡಳಿಯದು ಒಂದೊಂದು ಲೆಕ್ಕ. ಒಂದೇ ವಯಸ್ಸಿನ, ಒಂದೇ ಸಂಬಳದ ಇಬ್ಬರು ಸತ್ತರೆ ಒಂದೂರಿನಲ್ಲಿ ಒಂದು ಮೊತ್ತ, ಪಕ್ಕದೂರಿನಲ್ಲಿ ಅದರ ಅರ್ಧ. 1994ರಲ್ಲಿ ಕಾಯ್ದೆಗೆ ಒಂದು ಕೋಷ್ಟಕ ಸೇರಿಸಿದರು. ಅದರಲ್ಲಿ ತಪ್ಪುಗಳಿವೆ ಎಂದು 1996ರಲ್ಲಿ ಸುಪ್ರೀಂ ಕೋರ್ಟೇ ತೋರಿಸಿತು.

ಈ ಗೋಜಲನ್ನು ಬಿಡಿಸಿದ್ದು 2009ರ ತೀರ್ಪು. ದೆಹಲಿ ಸಾರಿಗೆ ನಿಗಮದ ಬಸ್ಸಿನಿಂದ 1988ರಲ್ಲಿ ಒಬ್ಬ ವಿಜ್ಞಾನಿ ಸತ್ತ ಪ್ರಕರಣ ಅದು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಬೆಂಗಳೂರಿನಲ್ಲಿ ವಕೀಲರಾಗಿದ್ದು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ, ಅಲ್ಲಿಂದ ಮೇಲೇರಿದವರು. ಅವರು ಎಲ್ಲ ನ್ಯಾಯಮಂಡಳಿಗಳಿಗೂ ಒಂದೇ ಪಟ್ಟಿ ಕೊಟ್ಟರು. ವರ್ಷದ ಆದಾಯದಲ್ಲಿ ಸತ್ತವರ ಸ್ವಂತ ಖರ್ಚನ್ನು ಕಳೆಯಬೇಕು, ಉಳಿದದ್ದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 25 ವರ್ಷದವರೆಗೆ ಗುಣಕ 18. ವಯಸ್ಸು ಏರಿದಂತೆ ಅದು ಇಳಿಯುತ್ತದೆ. 31ರಿಂದ 35ಕ್ಕೆ 16, 46ರಿಂದ 50ಕ್ಕೆ 13, 65 ದಾಟಿದರೆ 5. 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಒಪ್ಪಿತು. ಜೊತೆಗೆ, ಸ್ವಂತ ಉದ್ಯೋಗದವರು ಮತ್ತು ನಿಗದಿತ ಸಂಬಳದವರು 40 ವರ್ಷದ ಒಳಗಿದ್ದರೆ ಮುಂದೆ ಆಗಬಹುದಾಗಿದ್ದ ಏರಿಕೆಗಾಗಿ ಆದಾಯಕ್ಕೆ ಶೇಕಡ 40 ಸೇರಿಸಬೇಕೆಂದೂ ಹೇಳಿತು.

ಒಂದು ಲೆಕ್ಕ ಮಾಡಿಯೇ ನೋಡೋಣ. ತಿಂಗಳಿಗೆ 20,000 ರೂಪಾಯಿ ಗಳಿಸುತ್ತಿದ್ದ, 34 ವರ್ಷದ, ಮದುವೆಯಾಗದ ಹೋಟೆಲು ನೌಕರ ಎಂದುಕೊಳ್ಳಿ. ವರ್ಷಕ್ಕೆ 2,40,000. ಶೇಕಡ 40 ಸೇರಿಸಿದರೆ 3,36,000. ಮದುವೆಯಾಗದವರ ಸ್ವಂತ ಖರ್ಚಿಗೆ ಸಾಮಾನ್ಯವಾಗಿ ಅರ್ಧ ಕಳೆಯುತ್ತಾರೆ. ಉಳಿದದ್ದು 1,68,000. ಅದನ್ನು 16ರಿಂದ ಗುಣಿಸಿದರೆ 26,88,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು. ದುಡಿಯದ ತಮ್ಮಂದಿರು, ತಂಗಿಯರು ಹಲವರು ನೆಚ್ಚಿಕೊಂಡಿದ್ದರೆ ಅರ್ಧದ ಬದಲು ಮೂರನೇ ಒಂದು ಭಾಗ ಮಾತ್ರ ಕಳೆಯಬಹುದು ಎಂದೂ 2009ರ ತೀರ್ಪಿನಲ್ಲಿದೆ. ಸಂಬಳದ ಚೀಟಿ ಎಷ್ಟು ಮುಖ್ಯ ಎಂದು ಇದರಿಂದ ತಿಳಿಯುತ್ತದೆ. ಕೈಯಲ್ಲಿ ನಗದು ಸಂಬಳ ಎಣಿಸಿಕೊಳ್ಳುವ ನಮ್ಮ ಎಷ್ಟೋ ಮಂದಿಯ ಬಳಿ ಅಂಥ ಚೀಟಿಯೇ ಇರುವುದಿಲ್ಲ.

ಸಂಬಳವೇ ಇಲ್ಲದ ಗೃಹಿಣಿ? 1994ರ ಕೋಷ್ಟಕ ಅವಳ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗ ಎಂದು ಎಣಿಸಿತ್ತು. 2001ರಲ್ಲಿ, ಜಮ್‌ಶೆಡ್‌ಪುರದ 1989ರ ಅಗ್ನಿ ದುರಂತದ ಪ್ರಕರಣದಲ್ಲಿ, ಗೃಹಿಣಿಯ ದುಡಿಮೆಗೆ ಸುಪ್ರೀಂ ಕೋರ್ಟು ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿತು. 2021ರಲ್ಲಿ, ಮನೆಗೆಲಸವೂ ದುಡಿಮೆಯೇ, ಅದಕ್ಕೂ ಮುಂದಿನ ಏರಿಕೆಯನ್ನು ಸೇರಿಸಿಯೇ ಲೆಕ್ಕ ಹಾಕಬೇಕು ಎಂದಿತು. ಬೆಳಗ್ಗೆ ನಾಲ್ಕಕ್ಕೆ ಎದ್ದು ಡಬ್ಬಿ ಕಟ್ಟಿ, ನೀರು ಹಿಡಿದು, ಮಕ್ಕಳನ್ನು ಶಾಲೆಗೆ ಕಳಿಸುವ ಕೈಗಳು ಕಾನೂನಿನ ಕಣ್ಣಿಗೆ ಬೀಳಲು ಇಷ್ಟು ಕಾಲ ಹಿಡಿಯಿತು.

ಗಾಯಾಳುಗಳಿಗೂ ಒಂದು ಮಾತು. ಡಾಕ್ಟರು ಬರೆದ ಶೇಕಡಾವಾರು ಅಂಗವೈಕಲ್ಯವೇ ಕೊನೆಯಲ್ಲ, ಅದರಿಂದ ದುಡಿಮೆಗೆ ಎಷ್ಟು ಕುಂದಾಯಿತು ಎಂಬುದು ಮುಖ್ಯ ಎಂದು ರವೀಂದ್ರನ್ ಅವರೇ 2010ರಲ್ಲಿ ವಿವರಿಸಿದರು. ಎಡಗೈ ಹೋದ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಎಡಗೈ ಹೋದ ಡ್ರೈವರನೋ ಬಡಗಿಯೋ ಮಾಡುವುದೇನು?

ಕೇಸು ಹಾಕುವುದು ಎಲ್ಲಿ?

ಎರಡನೇ ಪ್ರಶ್ನೆ ಪರವೂರಿನಲ್ಲಿರುವ ನಮ್ಮದೇ ಪ್ರಶ್ನೆ. ಹಳೆಯ ಕಾಯ್ದೆಯಲ್ಲಿ ಉತ್ತರ ಒಂದೇ ಇತ್ತು: ಅಪಘಾತ ಆದ ಊರಿನ ನ್ಯಾಯಮಂಡಳಿಯಲ್ಲಿ. ಮುಂಬಯಿಯಲ್ಲಿ ದುಡಿಯುವವನು ಪ್ರತಿ ತಾರೀಖಿಗೂ ರಜೆ ಹಾಕಿ, ಬಸ್ಸು ಹತ್ತಿ, ಊರಿನ ಕೋರ್ಟಿನ ಜಗಲಿಯಲ್ಲಿ ಕುಳಿತು, "ಮುಂದಿನ ತಿಂಗಳು ಬನ್ನಿ" ಎಂದು ಕೇಳಿಸಿಕೊಂಡು ಮರಳಬೇಕಿತ್ತು. ಹಾಗೆ ಅಲೆಯಲಾರದೆ ಕೈಬಿಟ್ಟವರು ಎಷ್ಟು ಮಂದಿಯೋ.

1994ರ ತಿದ್ದುಪಡಿ ಇದನ್ನು ಬದಲಾಯಿಸಿತು. ಅರ್ಜಿದಾರರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನಲ್ಲಿ, ಇಲ್ಲವೇ ಎದುರುದಾರರು ಇರುವ ಊರಿನಲ್ಲಿ ಕೂಡ ಅರ್ಜಿ ಹಾಕಬಹುದು. ಈ ಆಯ್ಕೆ ಅರ್ಜಿದಾರರದು. 2016ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೂಗ್ಲಿಯ ಅಪಘಾತಕ್ಕೆ ಕೋಲ್ಕತ್ತದಲ್ಲಿ ಹಾಕಿದ ಅರ್ಜಿಯನ್ನು ಎತ್ತಿಹಿಡಿಯಿತು. ಕಾರಣ, ವಿಮೆ ಕಂಪನಿಯ ಕಚೇರಿ ಅಲ್ಲಿತ್ತು. ಆಗಲೇ ನೆನಪಿಟ್ಟುಕೊಳ್ಳಿ ಎಂದ ವಿಳಾಸಗಳು ಕೆಲಸಕ್ಕೆ ಬರುವುದು ಇಲ್ಲಿ. 2023ರಲ್ಲಿ, ಸಿಲಿಗುರಿಯ ಬಳಿಯ ಅಪಘಾತಕ್ಕೆ ಉತ್ತರ ಪ್ರದೇಶದ ಫರೂಖಾಬಾದಿನಲ್ಲಿ ಹಾಕಿದ ಅರ್ಜಿಯನ್ನು ಅಪಘಾತವಾದ ಊರಿಗೆ ವರ್ಗಾಯಿಸಲೂ ಕೋರ್ಟು ಒಪ್ಪಲಿಲ್ಲ.

ಹಾಗಾಗಿ ಡೊಂಬಿವಲಿಯ ತಮ್ಮ ಕುಂದಾಪುರಕ್ಕೆ ಅಲೆಯಲೇಬೇಕಾಗಿಲ್ಲ. ತಾವಿರುವ ಕಡೆಯೇ ಕೇಳಬಹುದು. ಊರಿನ ಠಾಣೆಯ ಎಫ್.ಐ.ಆರ್., ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಲಾರಿಯ ಆರ್.ಸಿ. ಮತ್ತು ವಿಮೆ ಪಾಲಿಸಿಯ ನಕಲು, ಇಷ್ಟನ್ನು ದೃಢೀಕರಿಸಿ ತರಬೇಕು. ಕನ್ನಡದಲ್ಲಿರುವ ಕಾಗದಗಳಿಗೆ ಅನುವಾದ ಬೇಕಾಗುತ್ತದೆ, ಅಷ್ಟೇ.

ಎಷ್ಟು ದಿನದೊಳಗೆ?

ಮೂರನೇ ಪ್ರಶ್ನೆಯನ್ನು ಆ ಕೇಳುಗರು ಕೇಳಲೇ ಇಲ್ಲ. ಆದರೆ ಅತ್ಯಂತ ಮುಖ್ಯವಾದದ್ದು ಅದೇ.

ನ್ಯಾಯಮಂಡಳಿಗಳು ಹುಟ್ಟಿದಾಗ ಅರ್ಜಿಗೆ 60 ದಿನಗಳ ಗಡುವಿತ್ತು. 1970ರಲ್ಲಿ ಅದು ಆರು ತಿಂಗಳಾಯಿತು. 1988ರ ಕಾಯ್ದೆಯಲ್ಲೂ ಆರು ತಿಂಗಳು. ತಕ್ಕ ಕಾರಣವಿದ್ದರೆ ಒಂದು ವರ್ಷದವರೆಗೆ ಕ್ಷಮೆ. ಅದರ ನಂತರ ಬಂದವರಿಗೆ ಬಾಗಿಲು ಮುಚ್ಚಿತ್ತು. 1994ರ ತಿದ್ದುಪಡಿ ಗಡುವನ್ನೇ ತೆಗೆದುಹಾಕಿತು. ಅಲ್ಲಿಂದ ಇಪ್ಪತ್ತೇಳು ವರ್ಷಕ್ಕೂ ಹೆಚ್ಚು ಕಾಲ "ಯಾವಾಗ ಬೇಕಾದರೂ ಹಾಕಬಹುದು" ಎಂಬ ಮಾತು ನಿಜವಾಗಿತ್ತು. ಅದಕ್ಕೇ ಇವತ್ತಿಗೂ ಅನುಭವಸ್ಥರು ಹಾಗೆ ಹೇಳುತ್ತಾರೆ. ಆದರೆ 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮತ್ತೆ ತಂದಿತು. ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಈ ಗಡುವನ್ನು ಪ್ರಶ್ನಿಸಿ ಹಲವರು ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿಗಳು ತೀರ್ಮಾನವಾಗುವವರೆಗೆ ತಡವಾಯಿತೆಂಬ ಕಾರಣಕ್ಕೆ ಪರಿಹಾರದ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಕೋರ್ಟು ಮಧ್ಯಂತರ ಆದೇಶ ನೀಡಿತು. ಆದರೂ ಮಧ್ಯಂತರ ಆದೇಶವನ್ನು ನೆಚ್ಚಿಕೊಂಡು ಕೂರುವುದು ಮಳೆಗಾಲದಲ್ಲಿ ಪಕ್ಕದ ಮನೆಯ ಕೊಡೆ ನೆಚ್ಚಿದ ಹಾಗೆ. ಆರು ತಿಂಗಳೊಳಗೇ ಅರ್ಜಿ ಹಾಕಿಬಿಡುವುದು ಕ್ಷೇಮ.

ಹೊಸ ನಿಯಮಗಳಲ್ಲಿ ಒಂದು ಒಳ್ಳೆಯ ಅಂಶವೂ ಇದೆ. 2022ರ ನಿಯಮಗಳ ಪ್ರಕಾರ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ಪೂರ್ಣ ವಿವರದ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕೊಡಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಠಾಣೆಯವರು ಕಳಿಸಿದ್ದಾರೆಯೇ ಎಂದು ವಿಚಾರಿಸುವವರು ನಾವೇ ಆಗಬೇಕು.

ಆರು ತಿಂಗಳು ಬಹಳ ಎಂದು ನಿಮಗೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಹದಿಮೂರನೇ ದಿನದ ಕಾರ್ಯದವರೆಗೆ ಯಾರಿಗೂ ಕಾಗದಪತ್ರದ ನೆನಪಿರುವುದಿಲ್ಲ. ಆಮೇಲೆ ಕೆಲಸ ಉಳಿಸಿಕೊಳ್ಳಲು ಮುಂಬಯಿಗೆ ಓಡಿಬರಬೇಕು. ಸಾವಿನ ದುಡ್ಡು ಕೇಳಲು ಮನಸ್ಸು ಹಿಂಜರಿಯುತ್ತದೆ. ಮಳೆಗಾಲ ಕಳೆಯಲಿ, ಹಬ್ಬ ಕಳೆಯಲಿ ಎನ್ನುತ್ತಾ ವರ್ಷಾಬ್ದಿಕವೇ ಬಂದುಬಿಡುತ್ತದೆ. ನಾಚಿಕೆಪಡಬೇಕಾದ್ದು ಏನೂ ಇಲ್ಲ, ಮಿತ್ರರೇ. ಇದು ಭಿಕ್ಷೆಯಲ್ಲ. ಇನ್ನೂರು ವರ್ಷಗಳಲ್ಲಿ ಹೆಸರಿಲ್ಲದ ಎಷ್ಟೋ ವಿಧವೆಯರು, ತಂದೆತಾಯಿಗಳು, ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಸವೆಸಿ ಗಳಿಸಿಕೊಟ್ಟ ಹಕ್ಕು.

ಮರುವಾರ ಡೊಂಬಿವಲಿಯ ಆ ಕೇಳುಗರಿಗೆ ನಾನೇ ಫೋನು ಮಾಡಿದೆ. ವಕೀಲರನ್ನು ಕಂಡು ಬಂದಿದ್ದರು. ಊರಿನಿಂದ ಕಾಗದಗಳೂ ಬಂದಿದ್ದವು. ಐದನೇ ತಿಂಗಳಲ್ಲಿ ಅರ್ಜಿ ಹಾಕಿದ್ದಾರೆ. ತೀರ್ಪು ಯಾವಾಗಲೋ ಗೊತ್ತಿಲ್ಲ. ಕೊನೆಯಲ್ಲಿ ಅವರು ಒಂದು ಹಾಡು ಕೇಳಿದರು. ಅಣ್ಣನಿಗೆ ಇಷ್ಟವಾಗಿದ್ದ ಹಾಡಂತೆ. ಆ ಭಾನುವಾರ ಅದನ್ನು ಹಾಕಿದೆವು, ಹೆಸರು ಹೇಳದೆ.

ಈ ಪುಟವನ್ನು ತೆಗೆದಿಡಿ. ನಿಮಗೆ ಇದರ ಅಗತ್ಯ ಎಂದೂ ಬಾರದಿರಲಿ. ಪಕ್ಕದ ಮನೆಯವರಿಗೆ ಬಂದರೆ ಮಾತ್ರ, ತಡಮಾಡದೆ ಓದಿ ಹೇಳಿ.

ಮತ್ತೆ ಗಾಳಿಯಲ್ಲಿ ಭೇಟಿಯಾಗೋಣ. ನಮಸ್ಕಾರ.